ಮುಯ್ಯಾಳುಗಳ ಕೂಟ

(ಬಾನುಲಿ ಭಾಷಣ)

1885ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಶ್ರೀ ರಾಮಕೃಷ್ಣ ಪರಮಹಂಸರನ್ನು ಕಲ್ಕತ್ತೆಯ ಉತ್ತರದ ಅಂಚಿನಲ್ಲಿರುವ ಕಾಶೀಪುರದ ತೋಟದ ಮನೆಯೊಂದಕ್ಕೆ ಕರೆತಂದರು. ಅವರ ಗಂಟಲಿನಲ್ಲಿ ಎದ್ದ ಹುಣ್ಣು ಕ್ಯಾನ್ಸರ್ ಎಂಬುದು ಅಷ್ಟು ಹೊತ್ತಿಗೆ ನಿರ್ಣಯವಾಗಿತ್ತು. ಮಾತೇ ಬದುಕಾಗಿದ್ದ ಆ ಮಹಾನುಭಾವರಿಗೆ ಮಾತನಾಡಕೂಡದೆಂದು ವೈದ್ಯರು ಕಟ್ಟುಮಾಡಿದ್ದರು. ಮರುವರ್ಷದ ಆಗಸ್ಟ್ 16ರಂದು ಅವರು ದೇಹಬಿಟ್ಟದ್ದು ಅದೇ ಮನೆಯಲ್ಲಿ. ಎಂಟು ತಿಂಗಳ ಈ ಕಥೆಯನ್ನು ಕುವೆಂಪು ಅವರು ಬರೆದ ಜೀವನಚರಿತ್ರೆಯಲ್ಲಿ ನಮ್ಮಲ್ಲಿ ಅನೇಕರು ಓದಿದ್ದೇವೆ, ಭಕ್ತಿಯಿಂದ ಓದಿದ್ದೇವೆ. ಇಂದು ಅದನ್ನೇ ಇನ್ನೊಂದು ಕಣ್ಣಿನಿಂದ ನೋಡಬಹುದೆಂದು ನನಗೆ ತೋರುತ್ತದೆ. ಒಬ್ಬ ಕ್ಯಾನ್ಸರ್ ರೋಗಿಯ ಸುತ್ತ ಒಂದು ಸಮುದಾಯ ಹೇಗೆ ಕೂಡಿ ನಿಂತಿತು ಎಂಬುದಕ್ಕೆ ನಮ್ಮ ದೇಶದಲ್ಲಿ ಇಷ್ಟು ವಿವರವಾಗಿ ಬರೆದಿಟ್ಟ ದಾಖಲೆ ಅದಕ್ಕೆ ಹಿಂದೆ ಇದ್ದಂತೆ ಕಾಣೆ.

ಅಲ್ಲಿ ಕೆಲಸ ಹಂಚಿಕೆಯಾಗಿತ್ತು. ಮನೆಯ ಬಾಡಿಗೆಯನ್ನು ಸುರೇಂದ್ರನಾಥ ಮಿತ್ರರು ಹೊತ್ತರು. ಉಳಿದ ವೆಚ್ಚವನ್ನು ಇತರ ಗೃಹಸ್ಥ ಭಕ್ತರು ಕೈಲಾದಷ್ಟು ಹಂಚಿಕೊಂಡರು. ಗಂಟಲಿನಲ್ಲಿ ಇಳಿಯುವಂಥ ಪಥ್ಯದ ಅಡುಗೆ ಶ್ರೀಮಾತೆ ಶಾರದಾದೇವಿಯವರದು. ರಾತ್ರಿಯ ಪಾಳಿ ನರೇಂದ್ರನೇ ಮೊದಲಾದ ಹುಡುಗರದು. ರೋಗ ಅಂಟೀತೆಂಬ ಭಯ ಅಲ್ಲಿಯೂ ತಲೆಹಾಕಿತಂತೆ. ಆಗ ನರೇಂದ್ರನು ಗುರುಗಳು ಕುಡಿದು ಬಿಟ್ಟ ಗಂಜಿಯ ಬಟ್ಟಲನ್ನೆತ್ತಿ ಎಲ್ಲರೆದುರಿಗೆ ಕುಡಿದುಬಿಟ್ಟನೆಂದು ಚರಿತ್ರಕಾರರು ಹೇಳುತ್ತಾರೆ. ಕ್ಯಾನ್ಸರ್ ಎಂಜಲಿನಿಂದಾಗಲಿ, ಒಂದೇ ಹಾಸಿಗೆಯಲ್ಲಿ ಕುಳಿತುದರಿಂದಾಗಲಿ ಅಂಟುವುದಿಲ್ಲ ಎಂಬುದು ಈಗ ಎಲ್ಲ ವೈದ್ಯರೂ ಹೇಳುವ ಮಾತು. ಆದರೂ ರೋಗಿಯ ತಟ್ಟೆಲೋಟಗಳನ್ನು ಬೇರೆ ಇಡುವ ಮನೆಗಳನ್ನು ನಾನು ಈಗಲೂ ನೋಡಿದ್ದೇನೆ.

ಹಣ, ಅನ್ನ, ಸೇವೆ, ಧೈರ್ಯ ಎಲ್ಲವೂ ಕಾಶೀಪುರದಲ್ಲಿ ಇದ್ದುವು. ಇಲ್ಲದಿದ್ದುದು ಒಂದೇ. ‘ನನಗೂ ಇದೇ ಆಗಿತ್ತು, ನಾನು ದಾಟಿ ಬಂದಿದ್ದೇನೆ’ ಎಂದು ಹೇಳಬಲ್ಲ ಒಬ್ಬ ಮನುಷ್ಯ ಅಲ್ಲಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ ಎಂಬಾತ ಕ್ಯಾನ್ಸರ್ ಹಿಡಿದ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದುದು 1873ರಲ್ಲಿ. ಆ ರೋಗಿ ಬದುಕಿದ್ದು ಕೆಲವೇ ತಿಂಗಳು. ಗಂಟಲ ಕ್ಯಾನ್ಸರಿನಿಂದ ಗುಣವಾಗಿ ಹತ್ತಾರು ವರ್ಷ ಓಡಾಡುವ ಜನವರ್ಗವೊಂದು ಹುಟ್ಟಿದುದು ತೀರ ಈಚಿನ ಸಂಗತಿ. ಜಗತ್ತಿಗೆ ಇದು ಹೊಸದು. ಹೊಸ ಜನ ಬಂದಾಗ ಅವರಿಂದ ಮಾತ್ರ ಆಗುವ ಹೊಸ ಕೆಲಸವೂ ಬರುತ್ತದೆ. ನಾನು ಇಂದು ಹೇಳಹೊರಟಿರುವುದು ಆ ಕೆಲಸವನ್ನು ಕುರಿತು.

ಮೊದಲು ಹೆಸರಿನ ವಿಚಾರ. ರಾತ್ರಿಯ ಹೊತ್ತು ಹಾವನ್ನು ಹಾವೆನ್ನದೆ ಹುಳುವೆನ್ನುವುದು ನಮ್ಮ ಹಳ್ಳಿಗಳ ರೂಢಿ. ಕ್ಯಾನ್ಸರಿಗೂ ಅದೇ ಮರ್ಯಾದೆ ಸಂದಿದೆ. ‘ಆ ಕಾಯಿಲೆ’ ಎನ್ನುತ್ತಾರೆ, ‘ದೊಡ್ಡ ಕಾಯಿಲೆ’ ಎನ್ನುತ್ತಾರೆ, ಧ್ವನಿಯನ್ನು ತಗ್ಗಿಸಿ ‘ಅದೇ’ ಎಂದು ಬಿಡುತ್ತಾರೆ. ಹಾಗೆಂದು ಹೆಸರಿಗೇನೂ ಬಡತನವಿಲ್ಲ. ಸುಶ್ರುತನು ಅರ್ಬುದವೆಂಬ ಗಂಟುರೋಗವನ್ನು ವಿವರಿಸಿದ್ದಾನೆ. ಗ್ರೀಕರು ತಮ್ಮ ಏಡಿಯ ಹೆಸರನ್ನೇ ಈ ರೋಗಕ್ಕಿಟ್ಟರು. ಅದು ಲ್ಯಾಟಿನ್ನಿನ ಮೂಲಕ ಹಾದು ಬಂದು ಕ್ಯಾನ್ಸರ್ ಆಯಿತು. ಅದನ್ನೇ ನೋಡಿಕೊಂಡು ನಮ್ಮವರು ಏಡಿಗಂತಿ ಎಂಬ ಮಾತನ್ನು ಮಾಡಿದರು. ಪದ ಚೆನ್ನಾಗಿದೆ, ನಿಘಂಟಿನಲ್ಲಿಯೇ ಉಳಿದಿದೆ. ಜನರ ಬಾಯಲ್ಲಿ ನಿಂತಿರುವುದು ಕ್ಯಾನ್ಸರ್ ಎಂಬ ಪರಭಾಷೆಯ ಮಾತು. ಅದೂ ಮೆಲ್ಲನೆ.

ಹೆಸರನ್ನು ಮರೆಮಾಡುವುದರಲ್ಲಿ ಕರುಣೆ ಇಲ್ಲವೆಂದು ನಾನು ಹೇಳಲಾರೆ. ‘ಅಪ್ಪಾಜಿಗೆ ಹೇಳಬೇಡಿ, ತಡೆದುಕೊಳ್ಳಲಾರರು’ ಎಂದು ವೈದ್ಯರ ಕೈಹಿಡಿದು ಕೇಳಿಕೊಳ್ಳುವ ಮಗನ ಪ್ರೀತಿಯನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಆ ಪ್ರೀತಿಯ ಫಲವೇನು? ಅಪ್ಪಾಜಿಗೆ ನಿಜ ತಿಳಿದೇ ಇರುತ್ತದೆ. ಆಸ್ಪತ್ರೆಯ ಬಾಗಿಲಿನ ಮೇಲಿರುವ ಹಲಗೆಯನ್ನು ಓದಬಲ್ಲವರಿಗೆ ಬೇರೆ ಯಾರೂ ಹೇಳಬೇಕಾದ್ದಿಲ್ಲ. ತನಗೆ ತಿಳಿದಿದೆ ಎಂಬುದು ಮಕ್ಕಳಿಗೆ ತಿಳಿಯದಿರಲೆಂದು ಅವರೂ ನಟಿಸುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಕಾಪಾಡುವುದಕ್ಕಾಗಿ ಒಂಟಿಯಾಗುತ್ತಾರೆ. ಇದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿದೆ. ರೋಗದ ಹೆಸರನ್ನು ಆಡದವನು ಅದೇ ರೋಗವನ್ನು ಕಂಡುಂಡವರ ಬಳಿಗೆ ಹೋಗಲಾರ. ಅವರಿಗೂ ಇವನ ಬಾಗಿಲು ಗೊತ್ತಾಗುವುದಿಲ್ಲ.

ಇನ್ನು ಮುಯ್ಯಿಯ ಮಾತು. ಒಕ್ಕಲುತನದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಡಿದ್ದು ನನ್ನ ಗದ್ದೆಗೆ ನೀನು ಬರಬೇಕು, ಕೂಲಿಯ ಮಾತಿಲ್ಲ. ಹೀಗೆ ಬರುವವರು ಮುಯ್ಯಾಳುಗಳು. ಮದುವೆಯ ಮನೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿಯೇ. ಅದಕ್ಕೆ ಲೆಕ್ಕದ ಪುಸ್ತಕವಿರುತ್ತದೆ. (ಹಗೆ ತೀರಿಸಿಕೊಳ್ಳುವುದಕ್ಕೂ ನಾವು ಮುಯ್ಯಿ ತೀರಿಸುವುದೆಂದೇ ಹೇಳುತ್ತೇವೆ, ಆ ಅರ್ಥ ಇಲ್ಲಿ ಬೇಡ.) ಕೂಲಿಯಾಳಿಗೂ ಮುಯ್ಯಾಳಿಗೂ ಇರುವ ಅಂತರವನ್ನು ಗಮನಿಸಬೇಕು. ಮುಯ್ಯಾಳಿಗೆ ಗದ್ದೆಯ ಕೆಲಸ ಗೊತ್ತಿರುತ್ತದೆ, ಏಕೆಂದರೆ ಅವನಿಗೂ ಗದ್ದೆಯಿದೆ. ಅವನ ಎದುರಿಗೆ ನಾನು ಸಣ್ಣವನಾಗುವುದಿಲ್ಲ, ಏಕೆಂದರೆ ನಾಳೆ ನಾನೂ ಅವನ ಕೆಸರಿಗೆ ಇಳಿಯುವವನು. ರೋಗಿಗೆ ದೊರೆಯುವ ಸಹಾಯದಲ್ಲಿ ಬಹುಪಾಲು ಈ ಎರಡನ್ನೂ ತಪ್ಪಿಸುತ್ತದೆ. ಬಂಧುಗಳು ಪ್ರೀತಿಯಿಂದ ಬರುತ್ತಾರೆ, ಆದರೆ ಅವರಿಗೆ ಆ ಗದ್ದೆ ಗೊತ್ತಿಲ್ಲ. ವೈದ್ಯರಿಗೆ ಗದ್ದೆ ಗೊತ್ತು, ಆದರೆ ಅವರು ಇಳಿದಿರುವುದು ಬೇರೆ ದಡದಿಂದ. ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದು, ತಮ್ಮ ಷಡ್ಡಕನಿಗೆ ಹೀಗೆಯೇ ಆಗಿ ಆರು ತಿಂಗಳೂ ಇರಲಿಲ್ಲವೆಂದು ಹೇಳಿ ಹೋಗುವವರ ಮಾತನ್ನು ನಾನು ಎತ್ತುವುದಿಲ್ಲ.

ಈಗ ಒಂದು ನಿದರ್ಶನವನ್ನು ಹಿಡಿದು ಮುಂದುವರಿಯುತ್ತೇನೆ. ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ದನಿಯನ್ನು ಕಳೆದುಕೊಂಡವರ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಗಂಟಲ ಕ್ಯಾನ್ಸರ್ ಮೊದಲ ಹಂತದಲ್ಲಿ ತಿಳಿದರೆ ವಿಕಿರಣ ಚಿಕಿತ್ಸೆಯಿಂದ, ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುವರಲ್ಲ ಅದರಿಂದ, ದನಿಯನ್ನು ಉಳಿಸಿಯೇ ಗುಣಮಾಡುವುದು ಬಹಳಮಟ್ಟಿಗೆ ಸಾಧ್ಯ. ಮುಂದುವರಿದಿದ್ದರೆ ಧ್ವನಿಪೆಟ್ಟಿಗೆಯನ್ನು ತೆಗೆಯಬೇಕಾಗಬಹುದು. ಆಗ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಉಸಿರಾಟವೆಲ್ಲ ಆ ರಂಧ್ರದ ಮೂಲಕ. ಬಾಯಿ ಮೂಗುಗಳಿಗೂ ಶ್ವಾಸಕೋಶಕ್ಕೂ ಇದ್ದ ನಂಟು ಕಡಿದುಹೋಗುತ್ತದೆ. ಇದರ ಅರ್ಥ ಏನೆಂಬುದು ಕೇಳಿದ ಕೂಡಲೇ ಹೊಳೆಯುವುದಿಲ್ಲ. ಮಾತು ಹೋಗುತ್ತದೆ, ಸರಿ. ಶಬ್ದ ಮಾಡಿ ನಗಲಾಗುವುದಿಲ್ಲ, ಅಳಲೂ ಆಗುವುದಿಲ್ಲ. ಮೂಗಿನಲ್ಲಿ ಗಾಳಿ ಆಡದಿರುವುದರಿಂದ ಮಲ್ಲಿಗೆಯ ಕಂಪೂ ಸೀದ ಹಾಲಿನ ವಾಸನೆಯೂ ಬಹುಮಟ್ಟಿಗೆ ದೂರವಾಗುತ್ತವೆ. ಕತ್ತಲೆಯಲ್ಲಿ ಕರೆಯಬೇಕಾದರೆ ಚಪ್ಪಾಳೆ ತಟ್ಟಬೇಕು. ಹೊಳೆಯಲ್ಲಿ ಮುಳುಗು ಹಾಕುವಂತಿಲ್ಲ, ನೀರು ನೇರವಾಗಿ ಶ್ವಾಸನಾಳಕ್ಕೆ ನುಗ್ಗುತ್ತದೆ. ಧೂಳಿಗೆ ತಡೆಯಾಗಿ ಕೊರಳಿಗೆ ಸದಾ ಒಂದು ತೆಳುಬಟ್ಟೆಯ ಪರದೆ ಬೇಕು.

ಆದರೆ ಮಾತು ಮತ್ತೆ ಬರುತ್ತದೆ. ಬರುವ ದಾರಿಗಳು ಮೂರು. ಕೊರಳಿಗೆ ಒತ್ತಿಹಿಡಿದರೆ ಕಂಪಿಸಿ ಶಬ್ದ ಕೊಡುವ ಕೈಯಂತ್ರವೊಂದಿದೆ. ಅದರ ದನಿ ಲೋಹದ ದನಿ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಚಿಕ್ಕ ದ್ವಾರ ಮಾಡಿ ಏಕಮುಖ ಕವಾಟವನ್ನು ಕೂರಿಸುವುದು ಎರಡನೆಯದು; ಅಮೆರಿಕದ ಬ್ಲಾಮ್ ಮತ್ತು ಸಿಂಗರ್ ಎಂಬವರು 1980ರ ಸುಮಾರಿಗೆ ಇದನ್ನು ಬಳಕೆಗೆ ತಂದರು. ಹೊರದೇಶದಿಂದ ಬರುವ ಈ ಕವಾಟಕ್ಕೆ ಸಾವಿರಾರು ರೂಪಾಯಿ ಬೆಲೆ. ಆಗಾಗ ಬದಲಿಸಲೂ ಬೇಕು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ಸೇರಿ ಸುಮಾರು ಐವತ್ತು ರೂಪಾಯಿಗೆ ದೊರೆಯಬಹುದಾದ ಕವಾಟವನ್ನು ರೂಪಿಸಿ ಅದಕ್ಕೆ ‘ಓಂ’ ಎಂದು ಹೆಸರಿಟ್ಟಿದ್ದಾರೆ. ಹೆಸರನ್ನು ಇಡಬಲ್ಲವರು ಇವರು! ಮೂರನೆಯ ದಾರಿಗೆ ಯಂತ್ರವೂ ಬೇಡ, ಕವಾಟವೂ ಬೇಡ. ಬಾಯಿಂದ ಗಾಳಿಯನ್ನು ಅನ್ನನಾಳದೊಳಕ್ಕೆ ತಳ್ಳಿ, ತೇಗಿನಂತೆ ಹಿಂದಕ್ಕೆ ಬಿಡುತ್ತ, ಆ ತೇಗನ್ನೇ ತುಟಿನಾಲಗೆಗಳಿಂದ ಅಕ್ಷರವಾಗಿ ಕಡೆಯುವುದು. ಕಲಿಯಲು ತಿಂಗಳುಗಳು ಹಿಡಿಯುತ್ತವೆ. ಎಲ್ಲರಿಗೂ ಸಿದ್ಧಿಸುವುದಿಲ್ಲ.

ವ್ಯಾಕರಣ ಪಾಠ ಹೇಳಿ ಕೂದಲು ನರೆಸಿಕೊಂಡವನಿಗೆ ಈ ಮೂರನೆಯ ದಾರಿಯಲ್ಲಿ ವಿಶೇಷ ಕುತೂಹಲ. ಶಬ್ದವು ಜೀವನ ಇಚ್ಛೆಯಿಂದ ನಾಭಿಮೂಲದಲ್ಲಿ ಗಾಳಿಯ ನೆರವಿನಿಂದ ಕಹಳೆಯಂತೆ ಹುಟ್ಟುತ್ತದೆಂದು ‘ಶಬ್ದಮಣಿದರ್ಪಣ’ದ ಕೇಶಿರಾಜನ ಅಭಿಪ್ರಾಯ. ಇವರ ಪಾಲಿಗೆ ಕಹಳೆಯೇ ಇಲ್ಲ. ಗಾಳಿಯೂ ಕೆಳಗಿನಿಂದ ಬರುವುದಲ್ಲ, ಮೇಲಿನಿಂದ ತುಂಬಿಸಿದ್ದು. ಇಚ್ಛೆಯೊಂದು ಮಾತ್ರ ಉಳಿದಿದೆ. ಕಲಿಕೆ ಸಾಮಾನ್ಯವಾಗಿ ಮೊದಲಾಗುವುದು ಪ, ತ, ಕ ಎಂಬ ಅಕ್ಷರಗಳಿಂದ. ತುಟಿ ಅಥವಾ ನಾಲಗೆ ಬಿಗಿಹಿಡಿದು ಬಿಡುವ ಆ ಒತ್ತಡವೇ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಕಷ್ಟ ಹಕಾರ, ಏಕೆಂದರೆ ಅದರ ಹುಟ್ಟೇ ಧ್ವನಿಪೆಟ್ಟಿಗೆಯಲ್ಲಿ. ಆದ್ದರಿಂದ ‘ಹಾಲು’ ಎನ್ನಹೋದರೆ ‘ಆಲು’ ಎಂದಾಗುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಗರಿಗೆ ಇದರಿಂದ ಯಾವ ಕೊರತೆಯೂ ಇಲ್ಲ, ಅವರು ಮೊದಲಿನಿಂದಲೂ ಹಾಗೆಯೇ ಆಡುವವರು. ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು ಹಳಗನ್ನಡದ ‘ಪಾಲ್’ ಎಂದರೆ ನಾಲಗೆಗೆ ಇನ್ನೂ ಸುಲಭ. ಪಕಾರ ಹಕಾರವಾಗಲು ನಮ್ಮ ನುಡಿಗೆ ಕೆಲವು ಶತಮಾನಗಳು ಬೇಕಾದುವು. ಈ ವಿದ್ಯಾರ್ಥಿಗಳು ಆ ದಾರಿಯಲ್ಲಿ ಒಂದು ಬೆಳಗಿನಲ್ಲಿ ಹಿಂದಿರುಗುತ್ತಾರೆ.

ಈ ವಿದ್ಯೆಯನ್ನು ಕಲಿಸುವವರು ವಾಕ್‌ಚಿಕಿತ್ಸಕರು. ಅವರ ಪಾಂಡಿತ್ಯ ದೊಡ್ಡದು, ಅವರಿಲ್ಲದೆ ಕೆಲಸ ಸಾಗದು. ಆದರೆ ಅವರ ಕೊರಳಿನಲ್ಲಿ ಪೆಟ್ಟಿಗೆಯಿದೆ. ‘ಇದು ಆಗುತ್ತದೆ’ ಎಂಬುದಕ್ಕೆ ಅವರು ಪ್ರಮಾಣ ಹೇಳಬಲ್ಲರೇ ಹೊರತು ತಾವೇ ಪ್ರಮಾಣವಾಗಲಾರರು. ಧ್ವನಿಪೆಟ್ಟಿಗೆ ಕಳೆದುಕೊಂಡವರು ತಮ್ಮ ತಮ್ಮ ಊರುಗಳಲ್ಲಿ ಕೂಟ ಕಟ್ಟಿಕೊಂಡು ಹೊಸಬರಿಗೆ ಕಲಿಸುವ ಪದ್ಧತಿ ಅಮೆರಿಕದಲ್ಲಿ ಬೆಳೆದುದು ಈ ಕಾರಣದಿಂದಲೇ. ಅಂಥ ಕೂಟಗಳು ಸೇರಿ 1952ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘವೇ ಆಯಿತು. ಅದೇ 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬ ಮಹಿಳೆಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ತೋಳನ್ನು ಹೇಗೆ ಎತ್ತಬೇಕು, ಯಾವ ಉಡುಪು ತೊಡಬೇಕು, ಗಂಡನಿಗೆ ಏನು ಹೇಳಬೇಕು ಎಂಬುದನ್ನು ಆಕೆಗೆ ತಿಳಿಸುವವರು ಒಬ್ಬರೂ ಇರಲಿಲ್ಲ. ಗುಣವಾದ ಮೇಲೆ ಆಕೆ ತೋಳಿನ ವ್ಯಾಯಾಮಕ್ಕೆಂದು ರಬ್ಬರ್ ಚೆಂಡು, ಹಗ್ಗ ಮುಂತಾದುವನ್ನು ಚೀಲದಲ್ಲಿ ಹಾಕಿಕೊಂಡು ತಾನೇ ಆಸ್ಪತ್ರೆಗಳಿಗೆ ಹೋಗತೊಡಗಿದಳು. ಶಸ್ತ್ರವೈದ್ಯರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಕೆಲವು ಕಡೆ ಆಕೆಯನ್ನು ಒಳಕ್ಕೆ ಬಿಡಲಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿ ಮಾಡಿಕೊಂಡಿತು. ನಮ್ಮಲ್ಲಿಯೂ, ತಾವೇ ಕ್ಯಾನ್ಸರಿನಿಂದ ಗುಣಹೊಂದಿದ ವಂದನಾ ಗುಪ್ತಾ ಎಂಬವರು 1994ರಲ್ಲಿ ಮುಂಬಯಿಯಲ್ಲಿ ‘ವಿ ಕೇರ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಗುಣವಾದವರು ರೋಗಿಗಳ ಬಳಿ ಕುಳಿತು ಮಾತನಾಡುವುದು ಅದರ ಮುಖ್ಯ ಕಾರ್ಯ.

ನನ್ನ ಪರಿಚಿತರೊಬ್ಬರು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದರು. ಗಮಕಿಗಳು, ಕುಮಾರವ್ಯಾಸನನ್ನು ಓದತೊಡಗಿದರೆ ಬೀದಿಯ ಜನ ಜಗಲಿಗೆ ಬಂದು ಕೂರುತ್ತಿದ್ದರು. ದನಿ ಒಡೆದು ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರು. ಪೆಟ್ಟಿಗೆಯನ್ನು ತೆಗೆಯದೆ ಗತಿಯಿಲ್ಲವೆಂದಾಗ, ದನಿಯಿಲ್ಲದ ಜೀವ ನನಗೆ ಬೇಡ ಎಂದು ಮನೆಗೆ ಬಂದು ಕುಳಿತುಬಿಟ್ಟರು. ಹೆಂಡತಿಯ ಕಣ್ಣೀರಾಗಲಿ, ನಮ್ಮಂಥ ಸ್ನೇಹಿತರ ತರ್ಕವಾಗಲಿ ಅವರನ್ನು ಕದಲಿಸಲಿಲ್ಲ. ನಾವು ಹೇಳಿದ್ದೇನು? ಜೀವ ದೊಡ್ಡದು, ಬರೆದು ತೋರಿಸಬಹುದು, ಇತ್ಯಾದಿ. ನಮ್ಮ ನಮ್ಮ ಕೊರಳುಗಳು ಗಟ್ಟಿಯಾಗಿಯೇ ಇದ್ದುವಲ್ಲ. ಕೊನೆಗೆ ಆಸ್ಪತ್ರೆಯ ಸಮಾಜಕಾರ್ಯಕರ್ತೆಯೊಬ್ಬರು ಒಬ್ಬ ನಿವೃತ್ತ ಬಸ್ ಕಂಡಕ್ಟರನ್ನು ಅವರ ಮನೆಗೆ ಕಳುಹಿಸಿಕೊಟ್ಟರು. ಆತ ಬಂದು ಚಾಪೆಯ ಮೇಲೆ ಕುಳಿತು, ಕೊರಳ ಮೇಲಿನ ಟವಲನ್ನು ಸರಿಪಡಿಸಿಕೊಂಡು, ಮೂರು ನಾಲ್ಕು ಅಕ್ಷರಕ್ಕೊಮ್ಮೆ ನಿಂತು ನಿಂತು ಹೇಳಿದರು: “ನಂಗೂ... ಇಂಗೇ... ಆಗಿತ್ತು, ಮೇಷ್ಟ್ರೇ. ಒಂಬತ್ತು... ವರ್ಸ ಆಯ್ತು.”

ಮೇಷ್ಟರು ತಮ್ಮ ಒಡಕು ದನಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಮೊದಲ ಮಾತು ಯಾರ ಹತ್ತಿರ ಆಡಿದಿರಿ?”

“ನಮ್ಮನೆ... ಎಮ್ಮೆ ತಾವ. ಅದು... ನಗಾಕಿಲ್ಲ, ನೋಡಿ.”

ಮೇಷ್ಟರು ನಕ್ಕರು. ಕಂಡಕ್ಟರೂ ನಕ್ಕರು, ಅವರ ನಗೆಗೆ ಸದ್ದಿರಲಿಲ್ಲ, ಹೆಗಲು ಮಾತ್ರ ಕುಣಿಯಿತು. ಸದ್ದಿಲ್ಲದ ನಗೆ ಹೇಗಿರುತ್ತದೆಂಬುದನ್ನು ಮೇಷ್ಟರು ಅಂದೇ ಕಂಡುದು. ಸೀಟಿ ಊದಲಾಗದ ಕಂಡಕ್ಟರಿಗೆ ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟದ್ದು, ಸಂತೆಯಲ್ಲಿ ಮಕ್ಕಳು ಹೆದರಿ ಓಡಿದ್ದು, ಮೊಮ್ಮಗ ಮಾತ್ರ ಹುಟ್ಟಿದಾಗಿನಿಂದ ಇದೇ ದನಿ ಕೇಳಿ ತಾತಂದಿರ ದನಿಯೇ ಹೀಗೆಂದು ತಿಳಿದದ್ದು, ಎಲ್ಲವನ್ನೂ ಆತ ಒಂದು ಗಂಟೆ ಹೇಳಿದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಒಮ್ಮೆಯೂ ಹೇಳಲಿಲ್ಲವಂತೆ. ಮರುವಾರ ಮೇಷ್ಟರು ಆಸ್ಪತ್ರೆಗೆ ಸೇರಿದರು. ಅನಂತರ ಅವರು ಆರು ವರ್ಷ ಬದುಕಿದ್ದರು. ಗಮಕ ಮತ್ತೆ ಬರಲಿಲ್ಲ. ಅದನ್ನು ಮುಚ್ಚಿಟ್ಟು ಹೇಳಬೇಕಾದ್ದಿಲ್ಲ. ತೇಗಿನ ದನಿಯಲ್ಲಿ ಷಟ್ಪದಿಯ ಮಾತ್ರೆಗಳು ನಿಲ್ಲುವುದಿಲ್ಲ. ಆದರೆ ಆ ದನಿಯಲ್ಲಿಯೇ ಮಕ್ಕಳಿಗೆ ಮನೆಯಲ್ಲಿ ಅರ್ಥ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ, ಇನ್ನೂ ನಿರ್ಧಾರಮಾಡದೆ ಕುಳಿತವರ ಪಕ್ಕದಲ್ಲಿ ಕುಳಿತು ಬರುತ್ತಿದ್ದರು. ಕಂಡಕ್ಟರಿಗೆ ಅವರು ಏನನ್ನೂ ಹಿಂದಿರುಗಿಸಲಿಲ್ಲ. ಗದ್ದೆಯ ಮುಯ್ಯಿ ಕೊಟ್ಟವನಿಗೇ ಮರಳುತ್ತದೆ. ಈ ಮುಯ್ಯಿ ಸಲ್ಲುವುದು ಮುಂದೆ ಬರುವ ಅಪರಿಚಿತನಿಗೆ.

ಇಂಥ ಕೂಟಗಳಿಂದ ಆಯುಸ್ಸು ಹೆಚ್ಚುತ್ತದೆಯೆ ಎಂಬ ಪ್ರಶ್ನೆ ಸಹಜ. 1989ರಲ್ಲಿ ಸ್ಟ್ಯಾನ್‌ಫರ್ಡಿನ ಡಾ. ಡೇವಿಡ್ ಸ್ಪೀಗಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಬಹಳ ಸದ್ದು ಮಾಡಿತು. ಸ್ತನದ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೂ ಹರಡಿದ್ದ 86 ಮಂದಿ ಹೆಂಗಸರಲ್ಲಿ, ವಾರವಾರ ಕೂಡಿ ಮನಸ್ಸು ಬಿಚ್ಚಿ ಮಾತನಾಡಿದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಜಗತ್ತು ಸಂತೋಷಪಟ್ಟಿತು. ಆದರೆ 2001ರಲ್ಲಿ ಕೆನಡಾದಲ್ಲಿ 235 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗಲ್ಲರು ತಾವೇ ಮತ್ತೆ ಪರೀಕ್ಷಿಸಿದಾಗಲೂ ಒಟ್ಟಿನಲ್ಲಿ ಮೊದಲಿನ ಫಲ ಬರಲಿಲ್ಲ. ಅದನ್ನು ಅವರು ಬಚ್ಚಿಡದೆ ಪ್ರಕಟಿಸಿದರು. ಕೆನಡಾದವರು ಕಂಡುಕೊಂಡ ಇನ್ನೊಂದು ಅಂಶವಿದೆ: ಕೂಟಕ್ಕೆ ಬಂದವರಲ್ಲಿ, ಅದರಲ್ಲಿಯೂ ಮೊದಲಿನಿಂದಲೇ ಹೆಚ್ಚು ಕುಗ್ಗಿದ್ದವರಲ್ಲಿ, ಮನಸ್ಸಿನ ಸಂಕಟವೂ ನೋವಿನ ಅನುಭವವೂ ಕಡಿಮೆಯಾದುವು. ನನಗೆ ಇಷ್ಟು ಸಾಕೆನಿಸುತ್ತದೆ. ಮನಸ್ಸು ಗಟ್ಟಿಮಾಡಿಕೊಂಡರೆ ಕ್ಯಾನ್ಸರ್ ಓಡಿಹೋಗುತ್ತದೆ ಎಂದು ಉಪದೇಶಿಸುವವರು ಇದನ್ನು ಸ್ವಲ್ಪ ಓದಿಕೊಳ್ಳಬೇಕು. ರೋಗ ಉಲ್ಬಣಿಸಿದವನಿಗೆ ‘ನಿನ್ನ ಮನಸ್ಸು ಸಾಲದಾಯಿತು’ ಎಂಬ ಅಪವಾದವನ್ನೂ ಹೊರಿಸುವುದು ಕ್ರೌರ್ಯ.

ಕೂಟದಲ್ಲಿ ಕಷ್ಟವೂ ಇದೆ. ಹೋದ ತಿಂಗಳು ಪಕ್ಕದಲ್ಲಿ ಕುಳಿತಿದ್ದವರು ಈ ತಿಂಗಳು ಬರುವುದಿಲ್ಲ. ಏಕೆಂದು ಯಾರೂ ಕೇಳಬೇಕಾಗಿಲ್ಲ. ಆ ದಿನ ಎದ್ದುಹೋಗುವವರಿದ್ದಾರೆ, ಮತ್ತೆ ಬಾರದವರಿದ್ದಾರೆ. ಸ್ಪೀಗಲ್ಲರ ಕೂಟಗಳಲ್ಲಿ ಸಾವಿನ ಮಾತನ್ನು ನೇರವಾಗಿಯೇ ಆಡುತ್ತಿದ್ದರು. ನಮ್ಮ ಮನೆಗಳಲ್ಲಿ ಆ ಮಾತು ಬಂದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಮಗಳ ಮದುವೆಯೇನು, ಜಮೀನಿನ ಪಾಲೇನು, ಕೊನೆಗೆ ಆಸ್ಪತ್ರೆಯೋ ಮನೆಯೋ ಎಂಬುದನ್ನು ಮನೆಯವರೊಡನೆ ಆಡಲಾರದವರು ಪರರೊಡನೆ ಆಡಿ ಹಗುರಾಗುತ್ತಾರೆ. ಇದು ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಒಗ್ಗದವರನ್ನು ಎಳೆದುತರುವುದು ತಪ್ಪು.

ಹೆಸರಿಲ್ಲದ ಕೂಟಗಳೂ ಇವೆ, ಅವೇ ಹೆಚ್ಚು. ವಿಕಿರಣ ಚಿಕಿತ್ಸೆಯನ್ನು ಎಷ್ಟೋ ರೋಗಿಗಳಿಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಕೊಡುತ್ತಾರೆ. ಒಂದು ದಿನದ ಚಿಕಿತ್ಸೆಗೆ ಬೇಕಾಗುವುದು ಕೆಲವೇ ನಿಮಿಷ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಬೀದರಿನಿಂದಲೋ ರಾಯಚೂರಿನಿಂದಲೋ ಬಂದವರು ಆ ಕೆಲವು ನಿಮಿಷಗಳಿಗಾಗಿ ಒಂದೂವರೆ ತಿಂಗಳು ಊರು ಬಿಟ್ಟಿರಬೇಕು. 1973ರಲ್ಲಿ ಆರಂಭವಾದ ಆ ಆಸ್ಪತ್ರೆಯ ಆವರಣದ ಧರ್ಮಶಾಲೆಯಲ್ಲಿ, ಮುಂಬಯಿಯ ದಾದರಿನಲ್ಲಿರುವ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯಲ್ಲಿ, ಇಂಥ ಸಂಸಾರಗಳು ತಿಂಗಳುಗಟ್ಟಲೆ ಅಕ್ಕಪಕ್ಕದಲ್ಲಿ ಇರುತ್ತವೆ. ಬಾಯಿ ಹುಣ್ಣಾದಾಗ ರಾಗಿಯ ಗಂಜಿಯನ್ನು ಎಷ್ಟು ತೆಳುಮಾಡಬೇಕು, ಯಾವ ಕಾಗದಕ್ಕೆ ಯಾವ ಕಿಟಕಿ, 2018ರಲ್ಲಿ ಬಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಗೆ ಯಾವ ಕಾರ್ಡಿನ ಪ್ರತಿ ಬೇಕು ಎಂಬ ವಿದ್ಯೆಯೆಲ್ಲ ಅಲ್ಲಿನ ಒಲೆಯ ಪಕ್ಕದಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಯಾರೂ ಇದನ್ನು ಆಸರೆಯ ಕೂಟವೆಂದು ಕರೆದಿಲ್ಲ.

ಕೇರಳದವರು ಇನ್ನೂ ಮುಂದೆ ಹೋದರು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸಂಘವೊಂದನ್ನು ಸ್ಥಾಪಿಸಿದರು. ಆಸ್ಪತ್ರೆಗೆ ಬರಲಾರದವರು ಮನೆಯಲ್ಲಿ ನರಳುತ್ತಿರುವರೆಂಬುದು ಅವರಿಗೆ ಬೇಗನೆ ತಿಳಿಯಿತು. 1999ರಿಂದ ನೆರೆಹೊರೆಯವರಿಗೇ ತರಬೇತಿ ಕೊಟ್ಟು, ವಾರದಲ್ಲಿ ಕೆಲವು ಗಂಟೆಗಳನ್ನು ತಮ್ಮ ಬೀದಿಯ ರೋಗಿಗಳಿಗಾಗಿ ಮೀಸಲಿಡುವ ಏರ್ಪಾಟನ್ನು ಮಾಡಿದರು. ಅಂಗಡಿಯವರು, ಕೂಲಿಕಾರರು, ವಿದ್ಯಾರ್ಥಿಗಳು ಸಣ್ಣ ಸಣ್ಣ ಮೊತ್ತದ ಹಣ ಕೂಡಿಸಿ ದಾದಿಯರ ವೆಚ್ಚ ಹೊತ್ತರು. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ನಮ್ಮಲ್ಲಿ ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ, ಇನ್ನು ಗುಣವಾಗದೆಂದು ತಿಳಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ದೊಡ್ಡ ಕೆಲಸ. ಆದರೆ ಬೆಂಗಳೂರು ಬೆಂಗಳೂರೇ. ತಾಲ್ಲೂಕಿನ ಊರಿನಲ್ಲಿ ಚಿಕಿತ್ಸೆ ಮುಗಿಸಿ ಬಂದವನು ಬಸ್ಸಿನಿಂದ ಇಳಿದ ಕೂಡಲೇ ಒಂಟಿ.

ಅಂಥವರು ಏನು ಮಾಡಬೇಕು? ಚಿಕಿತ್ಸೆಯಾದ ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿಯೋ ವಾಕ್‌ಚಿಕಿತ್ಸಕರಲ್ಲಿಯೋ, ‘ನಮ್ಮ ಕಡೆಯವರು, ಇದೇ ಚಿಕಿತ್ಸೆಯಾದವರು ಯಾರಾದರೂ ಇದ್ದಾರೆಯೆ, ಅವರಿಗೆ ಒಪ್ಪಿಗೆಯಿದ್ದರೆ ನನ್ನ ವಿಳಾಸವನ್ನು ಕೊಡಿ’ ಎಂದು ಕೇಳಬೇಕು. ಬೇರೆಯವರ ಗುಟ್ಟನ್ನು ಅವರು ಕೇಳಿದಾಕ್ಷಣ ಬಿಟ್ಟುಕೊಡಲಾರರು, ಕೊಡಲೂ ಕೂಡದು. ಆದರೆ ನಿಮ್ಮ ವಿಳಾಸವನ್ನು ದಾಟಿಸಬಲ್ಲರು. ಕೂಟಕ್ಕೆ ಇಬ್ಬರು ಸಾಕು. ಹೊಸದಾಗಿ ಸಿಕ್ಕ ಸಂಗಾತಿ ಔಷಧವನ್ನು ನಿಲ್ಲಿಸೆಂದಾಗಲಿ, ಯಾವುದೋ ಊರಿನ ಬೇರು ಇದಕ್ಕೆ ರಾಮಬಾಣವೆಂದಾಗಲಿ ಹೇಳಿದರೆ ಕೈಮುಗಿದು ಕಳುಹಿಸಿಬಿಡಬೇಕು. ರೋಗಿಯನ್ನು ನೋಡಿಕೊಳ್ಳುವ ಹೆಂಡತಿಗೋ ಮಗನಿಗೋ ಅವರಂಥವರೇ ಒಬ್ಬರು ಬೇಕು ಎಂಬುದನ್ನೂ ಮರೆಯಲಾಗದು; ಕಂಡಕ್ಟರು ಎರಡನೆಯ ಸಲ ಬಂದಾಗ ಜೊತೆಗೆ ಅವರ ಹೆಂಡತಿಯೂ ಬಂದಿದ್ದರು, ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ಬಹಳ ಹೊತ್ತು ಕುಳಿತಿದ್ದರು.

ಕೊರಳಿಗೆ ಟವಲು ಸುತ್ತಿಕೊಂಡು ಅಂಥವರೊಬ್ಬರು ನಿಮ್ಮ ಮನೆಗೂ ಬಂದಾರು. ಅವರು ಮಾತು ಮುಗಿಸುವ ತನಕ ಕಾಯಬೇಕು, ವಾಕ್ಯವನ್ನು ನಾವೇ ಪೂರ್ತಿಮಾಡಿ ಕೊಡಬಾರದು. ಅಕ್ಕರೆಯಿಂದ ಗಟ್ಟಿಯಾಗಿ ಕೂಗಿ ಮಾತನಾಡುವುದೂ ಬೇಡ, ಅವರ ಕಿವಿಗೆ ಏನೂ ಆಗಿಲ್ಲ. ಕಾಫಿಯನ್ನು ಮಾತ್ರ ಸ್ವಲ್ಪ ಆರಿಸಿ ಕೊಡಿ. ಅವರಿಗೆ ಊದಿ ಕುಡಿಯಲು ಬರುವುದಿಲ್ಲ.